ಬೋಕಿಯ ಮೇಲೆ ಬರೆದ ಹೆಸರು: ತಪ್ಪು ಮಾಡದವನನ್ನು ಅಥೆನ್ಸ್ ಏಕೆ ಊರು ಬಿಡಿಸಿತು?

ಪ್ರಶ್ನೆ: ಮಗಳಿಗೆ ಇತಿಹಾಸದ ಪಾಠ ಹೇಳಿಕೊಡುವಾಗ ಒಂದು ವಿಷಯ ಓದಿದೆ. ಪ್ರಾಚೀನ ಅಥೆನ್ಸಿನಲ್ಲಿ ಜನರು ಮಡಕೆ ಚೂರಿನ ಮೇಲೆ ಹೆಸರು ಬರೆದು ಹಾಕುತ್ತಿದ್ದರಂತೆ. ಯಾರ ಹೆಸರಿಗೆ ಹೆಚ್ಚು ಚೂರು ಬೀಳುತ್ತದೋ ಆ ನಾಯಕನಿಗೆ ಹತ್ತು ವರ್ಷ ಬಹಿಷ್ಕಾರವಂತೆ. ‘ನ್ಯಾಯವಂತ’ ಎಂದೇ ಹೆಸರಾಗಿದ್ದ ಅರಿಸ್ಟೈಡಿಸನನ್ನೂ ಹೀಗೇ ಹೊರಗೆ ಹಾಕಿದರಂತೆ. ನಮ್ಮ ತಾತನ ಕಾಲದಲ್ಲಿ ನಮ್ಮ ಊರಿನ ಒಂದು ಮನೆಗೆ ಬಹಿಷ್ಕಾರ ಹಾಕಿದ್ದ ಕಥೆ ಕೇಳುತ್ತಲೇ ಬೆಳೆದವನು ನಾನು. ಇದೂ ಅದೇ ತರಹದ್ದೇ? ಏನೂ ತಪ್ಪು ಮಾಡದವನನ್ನು ಓಡಿಸುವ ವ್ಯವಸ್ಥೆಯನ್ನು ಪ್ರಜಾಪ್ರಭುತ್ವ ಎನ್ನುವುದು ಹೇಗೆ? ಆ ಚೂರುಗಳು ನಿಜವಾಗಿಯೂ ಸಿಕ್ಕಿವೆಯೇ, ಇಲ್ಲ ಬರೀ ಕಥೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಚೂರುಗಳು ಸಿಕ್ಕಿವೆ, ಸಾವಿರಗಟ್ಟಲೆ ಸಿಕ್ಕಿವೆ. ಅಥೆನ್ಸಿನಲ್ಲಿ ಕೆರಮೈಕೊಸ್ ಎಂಬ ಒಂದು ಭಾಗವಿದೆ. ನಮ್ಮಲ್ಲಿ ಕುಂಬಾರಗೇರಿ ಎನ್ನುತ್ತೇವಲ್ಲ, ಆ ಹೆಸರಿನ ಅರ್ಥವೂ ಅದೇ. ಅಲ್ಲಿ ಎರಿಡಾನೊಸ್ ಎಂಬ ಹಳ್ಳ ಹರಿಯುತ್ತಿತ್ತು. 1960ರ ದಶಕದಲ್ಲಿ ಜರ್ಮನ್ ಪುರಾತತ್ತ್ವಜ್ಞರು ಆ ಹಳ್ಳದ ಹಳೆಯ ಪಾತ್ರವನ್ನು ಅಗೆದಾಗ ಹೆಸರು ಗೀಚಿದ ಸುಮಾರು 8,500 ಚೂರುಗಳು ರಾಶಿಯಾಗಿ ಹೊರಬಂದವು. ಎಣಿಕೆ ಮುಗಿದ ಮೇಲೆ ಕಸದ ಹಾಗೆ ಸುರಿದ ರಾಶಿ ಅದು. ಊರ ನಡುವಿನ ಚೌಕವಾದ ಅಗೋರಾದಲ್ಲಿ ಸಿಕ್ಕವನ್ನೂ ಬೇರೆ ಕಡೆಯವನ್ನೂ ಸೇರಿಸಿದರೆ ಲೆಕ್ಕ 11,000 ದಾಟುತ್ತದೆ.

ಒಂದು ಚೂರನ್ನು ಹತ್ತಿರದಿಂದ ನೋಡಿದರೆ ನಮ್ಮ ಕಡೆಯ ಯಾರಿಗೂ ಅದು ಅಪರಿಚಿತ ಅನ್ನಿಸುವುದಿಲ್ಲ. ಕುಂಟೆಬಿಲ್ಲೆ ಆಡಲು ಆರಿಸಿಕೊಳ್ಳುತ್ತಿದ್ದ ಬೋಕಿಯ ಹಾಗೇ ಇರುತ್ತದೆ: ಅಂಗೈಯಲ್ಲಿ ಹಿಡಿಸುವಷ್ಟು, ಅಂಚು ಮೊಂಡಾದದ್ದು, ಒಡೆದ ಗಡಿಗೆಯದ್ದೋ ಮನೆಯ ಹೆಂಚಿನದ್ದೋ ಕುಡಿಯುವ ಬಟ್ಟಲಿನ ಅಡಿಯದ್ದೋ. ಕಪ್ಪು ಮೆರುಗು ಹಚ್ಚಿದ ಚೂರಾದರೆ ಚೂಪಾದ ಮೊನೆಯಿಂದ ಗೀಚಿದ ಅಕ್ಷರ ಒಳಗಿನ ಮಣ್ಣಿನ ಕೆಂಪಿನಲ್ಲಿ ಎದ್ದು ಕಾಣುತ್ತದೆ. ಅಕ್ಷರಗಳು ಒಂದೊಂದು ಚೂರಿನಲ್ಲಿ ಒಂದೊಂದು ತರಹ. ಕೆಲವದರಲ್ಲಿ ಕಾಗುಣಿತ ತಪ್ಪಿದೆ, ಕೆಲವದರಲ್ಲಿ ಬರವಣಿಗೆ ಬಲದಿಂದ ಎಡಕ್ಕೆ ಹೋಗಿದೆ. ಕಾಗದ ಇಲ್ಲದ, ಪಪೈರಸ್ ದುಬಾರಿಯಾಗಿದ್ದ ಕಾಲದಲ್ಲಿ ಮಡಕೆ ಚೂರೇ ಅವರ ತುಂಡು ಕಾಗದ. ಗ್ರೀಕರು ಅದನ್ನು ಒಸ್ತ್ರಕೊನ್ ಎಂದರು, ಪದ್ಧತಿಯನ್ನು ಒಸ್ತ್ರಕಿಸ್ಮೊಸ್ ಎಂದರು. ನಮ್ಮ ಪುಸ್ತಕಗಳು ಅದಕ್ಕೆ ‘ಬಹಿಷ್ಕಾರ’ ಎಂಬ ಪದ ಹಾಕಿ ಮುಂದೆ ಹೋಗುತ್ತವೆ. ನಿಮ್ಮ ಗೊಂದಲ ಹುಟ್ಟಿದ್ದೇ ಆ ಪದದಿಂದ. ಈ ಉತ್ತರದಲ್ಲಿ ನಾನು ಅದನ್ನು ‘ಬೋಕಿ ಮತ’ ಎಂದು ಕರೆಯುತ್ತೇನೆ.

ಪದ್ಧತಿ ನಡೆಯುತ್ತಿದ್ದುದು ಹೀಗೆ. ಅಥೆನ್ಸಿನ ನಾಗರಿಕರನ್ನು ಹತ್ತು ಬಣಗಳಾಗಿ ವಿಂಗಡಿಸಿದ್ದರು. 500 ಜನರ ಮಂಡಳಿಯಲ್ಲಿ ಪ್ರತಿ ಬಣಕ್ಕೆ 50 ಸ್ಥಾನ, ವರ್ಷದ ಹತ್ತನೆಯ ಒಂದು ಪಾಲು ಒಂದೊಂದು ಬಣದ ಪಾಳಿ. ಆರನೆಯ ಪಾಳಿಯಲ್ಲಿ ನಾಗರಿಕರ ಸಭೆಯ ಮುಂದೆ ಒಂದೇ ಪ್ರಶ್ನೆ ಇಡುತ್ತಿದ್ದರು: ಈ ವರ್ಷ ಬೋಕಿ ಮತ ಬೇಕೋ ಬೇಡವೋ? ಯಾರ ಹೆಸರನ್ನೂ ಎತ್ತುವ ಹಾಗಿಲ್ಲ. ಬೇಡ ಎಂದು ಕೈ ಎತ್ತಿದರೆ ಆ ವರ್ಷಕ್ಕೆ ಅಲ್ಲಿಗೆ ಮುಗಿಯಿತು. ಬೇಕು ಎಂದರೆ ಸುಮಾರು ಎರಡು ತಿಂಗಳ ನಂತರ ಅಗೋರಾದಲ್ಲಿ ಬೇಲಿ ಕಟ್ಟಿ, ಹತ್ತು ಬಣಕ್ಕೆ ಹತ್ತು ಬಾಗಿಲು ಬಿಟ್ಟು, ಮತ ನಡೆಸುತ್ತಿದ್ದರು. ಚೂರಿನ ಬರಹವಿದ್ದ ಮಗ್ಗುಲನ್ನು ಕೆಳಗೆ ಮಾಡಿ ಒಪ್ಪಿಸಬೇಕು. ಊರಿನ ಮುಖ್ಯ ಅಧಿಕಾರಿಗಳಾದ ಒಂಬತ್ತು ಆರ್ಕನ್‌ಗಳೂ 500 ಜನರ ಮಂಡಳಿಯೂ ಕಾವಲಿಗೆ ನಿಲ್ಲುತ್ತಿದ್ದವು. ಕನಿಷ್ಠ 6,000 ಚೂರು ಬೀಳದಿದ್ದರೆ ಮತ ರದ್ದು. ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ಇದು ಒಟ್ಟು ಚೂರುಗಳ ಲೆಕ್ಕ ಎನ್ನುತ್ತಾನೆ, ಅಥೆನ್ಸಿನವನೇ ಆದ ಇತಿಹಾಸಕಾರ ಫಿಲೊಕೊರಸ್ ಒಬ್ಬನ ಹೆಸರಿಗೇ 6,000 ಬೀಳಬೇಕಿತ್ತು ಎನ್ನುತ್ತಾನೆ. ಹೇಗೆ ನೋಡಿದರೂ ಅದು ಸಣ್ಣ ಸಂಖ್ಯೆಯಲ್ಲ. ಇತಿಹಾಸಕಾರ ಹೆರೊಡೊಟಸ್ ಅಥೆನ್ಸಿನ ನಾಗರಿಕರನ್ನು ಒಂದು ಕಡೆ 30,000 ಎಂದು ಎಣಿಸಿದ್ದಾನೆ. ಅಂದರೆ ಐವರಲ್ಲಿ ಒಬ್ಬರಾದರೂ ಹೊಲ, ಅಂಗಡಿ, ಕುಲುಮೆ ಬಿಟ್ಟು ಬರಬೇಕು. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಈ ಬೇಲಿಯೊಳಗೆ ಜಾಗವೇ ಇರಲಿಲ್ಲ. ಅಥೆನ್ಸಿನ ‘ಜನ’ ಎನ್ನುವಾಗಲೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಗೆದ್ದವನು, ಅಂದರೆ ಸೋತವನು, ಹತ್ತು ದಿನದೊಳಗೆ ಊರು ಬಿಡಬೇಕು, ಹತ್ತು ವರ್ಷ ಬರಬಾರದು. ಇಷ್ಟೇ. ಅವನ ಮೇಲೆ ಆರೋಪಪಟ್ಟಿ ಇಲ್ಲ, ಸಾಕ್ಷಿ ಇಲ್ಲ, ಭಾಷಣವಿಲ್ಲ. ಹಾಗೆಯೇ ಅವನ ಹೊಲ ಅವನದೇ, ಮನೆ ಅವನದೇ, ಗೇಣಿಯೂ ಬಾಡಿಗೆಯೂ ದೂರದಲ್ಲಿ ಕೂತ ಅವನ ಕೈಸೇರುತ್ತಲೇ ಇರುತ್ತವೆ. ಹೆಂಡತಿ ಮಕ್ಕಳಿಗೆ ಈ ಆಜ್ಞೆ ತಟ್ಟುವುದಿಲ್ಲ. ನಾಗರಿಕತ್ವ ಹೋಗುವುದಿಲ್ಲ. ಹತ್ತು ವರ್ಷ ಮುಗಿಸಿ ಬಂದವನು ಮರುದಿನವೇ ಸಭೆಯಲ್ಲಿ ಎದ್ದು ನಿಂತು ಮಾತಾಡಬಹುದು.

ಈಗ ನಿಮ್ಮ ತಾತ ಕಂಡ ಬಹಿಷ್ಕಾರವನ್ನು ಇದರ ಪಕ್ಕದಲ್ಲಿಡಿ. ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಬೀಳುತ್ತಿದ್ದುದು, ಈಗಲೂ ಅಲ್ಲಲ್ಲಿ ಬೀಳುತ್ತಿರುವುದು, ಹೆಚ್ಚಾಗಿ ಬಡವರ ಮೇಲೆ, ದಲಿತರ ಮೇಲೆ, ಜಾತಿ ಮೀರಿ ಮದುವೆಯಾದವರ ಮೇಲೆ, ಕೂಲಿ ಕೇಳಿದವರ ಮೇಲೆ, ದೇವಸ್ಥಾನದ ಹೊಸಿಲು ದಾಟಿದವರ ಮೇಲೆ. ಅಂಗಡಿಯಲ್ಲಿ ಸಾಮಾನು ಸಿಗುವುದಿಲ್ಲ, ಹಿಟ್ಟಿನ ಗಿರಣಿಯಲ್ಲಿ ಬೀಸಿಕೊಡುವುದಿಲ್ಲ, ಕೂಲಿಗೆ ಕರೆಯುವುದಿಲ್ಲ, ಕ್ಷೌರ ಮಾಡುವವರಿಲ್ಲ, ಸತ್ತರೆ ಹೆಗಲು ಕೊಡುವವರಿಲ್ಲ. ಮಾತಾಡಿಸಿದವರಿಗೂ ದಂಡ. ಅವಧಿ ಎಂಬುದಿಲ್ಲ, ಕಾಲಿಗೆ ಬಿದ್ದು ತಪ್ಪುಕಾಣಿಕೆ ಕೊಡುವವರೆಗೆ ನಡೆಯುತ್ತದೆ. ಮನೆಯ ಮಗುವಿಗೂ ಅದು ತಟ್ಟುತ್ತದೆ. ಆ ಮನೆಯವರು ಊರೊಳಗೇ ಇದ್ದು ಊರಿಲ್ಲದವರಾಗುತ್ತಾರೆ. ಅಲ್ಲಿ ಬಲ ಇದ್ದವರು ಬಲ ಇಲ್ಲದವರನ್ನು ತುಳಿಯುತ್ತಾರೆ. ಅಥೆನ್ಸಿನ ಬೋಕಿ ಮತ ಹೋಗುತ್ತಿದ್ದುದು ಮೇಲ್ಮುಖವಾಗಿ. ಚೂರಿನ ಮೇಲೆ ಹೆಸರು ಬರಬೇಕಾದರೆ ಊರೆಲ್ಲ ಆ ಹೆಸರು ಕೇಳಿರಬೇಕು. ಕೂಲಿಯವನ, ಮೀನು ಮಾರುವವನ ಹೆಸರನ್ನು 6,000 ಜನರ ನಡುವೆ ಯಾರೂ ಗೀಚುವುದಿಲ್ಲ.

ಗಡೀಪಾರಿಗೂ ಇದನ್ನು ಹೋಲಿಸಲಾಗದು. ಗಡೀಪಾರು ಕೇಸು, ಠಾಣೆ, ರೌಡಿ ಪಟ್ಟಿಯ ಜೊತೆ ಬರುವ ಮಾತು, ಅದರಲ್ಲಿ ಅವಮಾನವಿದೆ. ಬೋಕಿ ಮತದಲ್ಲಿ ಒಂದು ತರಹದ ಪ್ರತಿಷ್ಠೆಯೇ ಇತ್ತು.

ಇದಕ್ಕೆ ನನಗೆ ಬಲು ಇಷ್ಟದ ಸಾಕ್ಷಿ ಮೆಗಕ್ಲೀಸ್ ಎಂಬ ಶ್ರೀಮಂತನದು. ಕ್ರಿ.ಪೂ. 486ರಲ್ಲಿ ಅವನನ್ನು ಬೋಕಿ ಮತದಲ್ಲಿ ಊರು ಬಿಡಿಸಿದರು. ಅದೇ ವರ್ಷ ಡೆಲ್ಫಿಯ ಪೈಥಿಯನ್ ಕ್ರೀಡೆಗಳಲ್ಲಿ ನಾಲ್ಕು ಕುದುರೆಯ ರಥದ ಓಟವನ್ನು ಗೆದ್ದವನು ಈ ಮೆಗಕ್ಲೀಸನೇ! ಆಸ್ತಿ ಕೈಬಿಟ್ಟಿದ್ದರೆ ಅವನಿಗೆ ಕುದುರೆ ಎಲ್ಲಿಂದ ಬರಬೇಕು? ಗೆಲುವನ್ನು ಹಾಡಿ ಹೊಗಳಲು ಆ ಕಾಲದ ದೊಡ್ಡ ಕವಿ ಪಿಂಡಾರನನ್ನೇ ಕರೆಸಿದ. ಪಿಂಡಾರನ ಆ ಪುಟ್ಟ ಹಾಡು ಇಂದಿಗೂ ಉಳಿದಿದೆ. ಒಳ್ಳೆಯ ಕೆಲಸಕ್ಕೆ ಹೊಟ್ಟೆಕಿಚ್ಚೇ ಪ್ರತಿಫಲವಾಯಿತಲ್ಲ ಎಂಬ ಸಂಕಟ ಅದರಲ್ಲಿದೆ. ಕೆರಮೈಕೊಸ್ ರಾಶಿಯಲ್ಲಿ 4,000ಕ್ಕೂ ಹೆಚ್ಚು ಚೂರುಗಳು ಇವನ ಹೆಸರಿನವು. ಕೆಲವರು ಹೆಸರಿನ ಪಕ್ಕದಲ್ಲಿ ‘ಕುದುರೆ ಸಾಕುವವನು’ ಎಂದು ಸೇರಿಸಿದ್ದಾರೆ. ಕವಿಗೆ ಹೊಗಳಿಕೆಯಾದದ್ದೇ ರೈತನೊಬ್ಬನಿಗೆ ದೂರು. ಒಂದೇ ಮನುಷ್ಯನ ಬಗ್ಗೆ ಅರಮನೆಯಂಥ ಮನೆಯೊಳಗಿನ ಮಾತೂ ಬೀದಿಯ ಮಾತೂ ಎರಡೂ ನಮಗೆ ಸಿಕ್ಕಿರುವುದು ಪ್ರಾಚೀನ ಪ್ರಪಂಚದಲ್ಲಿ ಅಪರೂಪ.

ಚೂರುಗಳ ಮೇಲಿನ ಇಂಥ ಹೆಚ್ಚುವರಿ ಮಾತುಗಳನ್ನು ಓದುವಾಗ ಇಪ್ಪತ್ತೈದು ಶತಮಾನ ದಾಟಿ ಯಾರೋ ಕಿವಿಯಲ್ಲಿ ಪಿಸುಗುಟ್ಟಿದಂತಾಗುತ್ತದೆ. ಮೆಗಕ್ಲೀಸನಿಗೆ ‘ಶಾಪಗ್ರಸ್ತ’, ‘ಹಾದರದವನು’ ಎಂಬ ಬೈಗುಳಗಳಿವೆ. ಕಲ್ಲಿಯಾಸ್ ಎಂಬವನನ್ನು ‘ಪರ್ಷಿಯದವನು’ ಎಂದು ಜರೆದು, ಒಬ್ಬ ಚೂರಿನ ಹಿಂದೆ ಪರ್ಷಿಯದ ಬಿಲ್ಲುಗಾರನ ಚಿತ್ರವನ್ನೂ ಬಿಡಿಸಿದ್ದಾನೆ. ಸೇನಾಪತಿ ಕಿಮೊನ್‌ಗೆ ‘ಎಲ್ಪಿನಿಕೆಯನ್ನೂ ಕರೆದುಕೊಂಡು ಹೊರಡು’ ಎಂದಿದ್ದಾರೆ. ಎಲ್ಪಿನಿಕೆ ಅವನ ಸೋದರಿ, ಅವರಿಬ್ಬರ ಬಗ್ಗೆ ಊರಲ್ಲಿ ಇಲ್ಲದ ಮಾತುಗಳಿದ್ದವು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಮಾತ್ರ ಬೇರೆಯೇ ಒಂದು ಹೆಸರು. ಕೆಲವು ಚೂರುಗಳ ಮೇಲೆ ಯಾವ ನಾಯಕನ ಹೆಸರೂ ಇಲ್ಲ. ‘ಲಿಮೊಸ್’ ಎಂದಿದೆ. ಲಿಮೊಸ್ ಎಂದರೆ ಹಸಿವು, ಬರ. ಹಾಗೆ ಗೀಚಿದವನಿಗೆ ನಾಯಕರ ಜಗಳ ಬೇಕಾಗಿರಲಿಲ್ಲ. ಹತ್ತು ವರ್ಷ ಊರು ಬಿಟ್ಟು ಹೋಗಬೇಕಾದದ್ದು ಬರ ಎಂದು ಅವನಿಗೆ ಅನ್ನಿಸಿತ್ತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ತಪ್ಪಿಲ್ಲದವನನ್ನು ಓಡಿಸುವ ಪದ್ಧತಿ ಏಕೆ ಹುಟ್ಟಿತು? ಇದಕ್ಕೆ ಮೊದಲು ಅಥೆನ್ಸ್ ಹೇಗಿತ್ತು ಎಂದು ನೋಡಬೇಕು. ಅಲ್ಲಿ ರಾಜಕೀಯ ಎಂದರೆ ನಾಲ್ಕಾರು ದೊಡ್ಡ ಮನೆತನಗಳ ಕಾದಾಟ. ಕ್ರಿ.ಪೂ. 7ನೆಯ ಶತಮಾನದಲ್ಲಿ ಕೈಲೊನ್ ಎಂಬವನು ಸರ್ವಾಧಿಕಾರಿಯಾಗಲು ಹೊರಟು ಅಕ್ರೊಪೊಲಿಸ್ ಎಂಬ ಕೋಟೆಗುಡ್ಡ ಹಿಡಿದ. ಶರಣಾದ ಅವನ ಕಡೆಯವರನ್ನು ದೇವರ ಆಸರೆಯಲ್ಲಿದ್ದಾಗಲೇ ಕೊಂದರು. ಆ ಪಾಪ ಆಲ್ಕ್‌ಮಿಯೊನಿಡ್ ಮನೆತನದ ಮೇಲೆ ಬಂತು, ಇಡೀ ಮನೆತನ ದೇಶ ಬಿಡಬೇಕಾಯಿತು, ಸತ್ತವರ ಮೂಳೆಗಳನ್ನೂ ಅಗೆದು ಗಡಿಯಾಚೆ ಎಸೆದರು. ಮೆಗಕ್ಲೀಸನ ಚೂರಿನ ಮೇಲಿನ ‘ಶಾಪಗ್ರಸ್ತ’ ಎಂಬ ಮಾತಿನ ಬೇರು ಇಲ್ಲಿದೆ. ಅವನು ಅದೇ ಮನೆತನದವನು. ಮುಂದೆ ಪೀಸಿಸ್ಟ್ರಾಟಸ್ ಸರ್ವಾಧಿಕಾರಿಯಾದ, ಅವನ ನಂತರ ಮಕ್ಕಳು. ಅವರಲ್ಲೊಬ್ಬನ ಕೊಲೆ ಕ್ರಿ.ಪೂ. 514ರಲ್ಲಿ ಆಯಿತು, ಇನ್ನೊಬ್ಬ ಹಿಪ್ಪಿಯಾಸ್ 510ರಲ್ಲಿ ಓಡಿಹೋದ. ಎರಡೇ ವರ್ಷದಲ್ಲಿ ಇಸಾಗೊರಸ್ ಎಂಬ ಮುಖಂಡ ಸ್ಪಾರ್ಟಾದ ರಾಜನನ್ನು ಸೈನ್ಯಸಮೇತ ಕರೆಸಿಕೊಂಡು 700 ಮನೆಗಳವರನ್ನು ಒಟ್ಟಿಗೇ ದೇಶದಿಂದ ಹೊರದಬ್ಬಿದ.

700 ಮನೆ ಎಂದರೆ ಮುದುಕರು, ಬಾಣಂತಿಯರು, ಮಕ್ಕಳು ಎಲ್ಲರೂ ಸೇರಿಯೇ. ನಾಳೆ ಇವರು ಗೆದ್ದು ಬಂದರೆ ಅವರ 700 ಮನೆ ಖಾಲಿ. ಇದೇ ಅಲ್ಲಿನ ರೂಢಿಯಾಗಿತ್ತು. ಆ ಸಲ ಮಾತ್ರ ಸಾಮಾನ್ಯ ಜನ ತಿರುಗಿಬಿದ್ದರು, ಇಸಾಗೊರಸನನ್ನೂ ಸ್ಪಾರ್ಟಾದವರನ್ನೂ ಕೋಟೆಗುಡ್ಡದ ಮೇಲೆ ಮುತ್ತಿದರು, ಮೂರನೆಯ ದಿನ ಅವರು ಒಪ್ಪಂದ ಮಾಡಿಕೊಂಡು ಹೊರಟರು. ದೇಶಬಿಟ್ಟಿದ್ದ, ಇಸಾಗೊರಸನ ಎದುರಾಳಿ ಕ್ಲೈಸ್ಥೆನೀಸ್ ಮರಳಿ ಬಂದು ಹತ್ತು ಬಣಗಳ ಹೊಸ ವ್ಯವಸ್ಥೆ ಕಟ್ಟಿದ. ಬೋಕಿ ಮತದ ಕಾನೂನೂ ಅವನದೇ ಎಂದು ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ಆಡಳಿತದ ಗ್ರಂಥ ಹೇಳುತ್ತದೆ.

ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಆ ಕಾನೂನು ಹೇಳುತ್ತಿರುವುದೇನು ಎಂದು ಗೊತ್ತಾಗುತ್ತದೆ. ಊರು ಬಿಡಿಸುವ ಅಧಿಕಾರ ಇನ್ನು ಮನೆತನಗಳ ಕೈಯಲ್ಲಿಲ್ಲ, ಬೇಲಿಯೊಳಗೆ ಬರುವ 6,000 ಜನರ ಕೈಯಲ್ಲಿದೆ. ವರ್ಷಕ್ಕೆ ಒಂದೇ ಸಲ. ಒಬ್ಬನೇ ಮನುಷ್ಯ. ಹತ್ತೇ ವರ್ಷ. ಅವನ ಮನೆ, ಬಂಧು ಬಳಗ, ಹೊಲದ ಗಡಿಕಲ್ಲು ಎಲ್ಲವೂ ಇದ್ದಲ್ಲೇ ಇರುತ್ತವೆ. ಇಬ್ಬರು ನಾಯಕರ ಜಗಳ ಊರನ್ನು ಇಬ್ಭಾಗ ಮಾಡುವ ಹಂತಕ್ಕೆ ಬಂದಾಗ ರಕ್ತ ಹರಿಯುವುದಕ್ಕೆ ಮೊದಲು ಒಬ್ಬನನ್ನು ಆಟದಿಂದ ಹೊರಗೆ ಕೂರಿಸುವ ಉಪಾಯ ಇದು. ತಪ್ಪು ಮಾಡಿದವನನ್ನು ವಿಚಾರಿಸಲು ಅಥೆನ್ಸಿನಲ್ಲಿ ಬೇರೆ ನ್ಯಾಯಾಲಯಗಳಿದ್ದವು, ನೂರಾರು ಜನ ಪಂಚರು ಕೂರುವಂಥವು. ಬೋಕಿ ಮತ ಆ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. ಆದ್ದರಿಂದಲೇ ಅಲ್ಲಿ ಆರೋಪ ಇರಲಿಲ್ಲ.

ಕಾನೂನು ಬಂದು ಇಪ್ಪತ್ತು ವರ್ಷ ಅದನ್ನು ಯಾರ ಮೇಲೂ ಪ್ರಯೋಗಿಸಲಿಲ್ಲ. ಕ್ರಿ.ಪೂ. 490ರಲ್ಲಿ ಪರ್ಷಿಯದ ಸೈನ್ಯ ಮ್ಯಾರಥಾನಿನಲ್ಲಿ ಇಳಿದಾಗ ಅದರ ಜೊತೆ ಮುದುಕನಾಗಿದ್ದ ಹಿಪ್ಪಿಯಾಸನೂ ಇದ್ದ, ಮತ್ತೆ ಗದ್ದುಗೆ ಏರುವ ಆಸೆಯಿಂದ. ಯುದ್ಧ ಗೆದ್ದ ಮೇಲೆ ಜನರಿಗೆ ಧೈರ್ಯ ಬಂತು. 487ರಲ್ಲಿ ಹಿಪ್ಪಿಯಾಸನ ಬಂಧುವಾದ ಹಿಪ್ಪಾರ್ಕಸ್ ಹೋದ. ಮರುವರ್ಷ ನಮ್ಮ ಕುದುರೆಯ ಮೆಗಕ್ಲೀಸ್. 484ರಲ್ಲಿ ಕ್ಸಾಂಥಿಪ್ಪಸ್.

ಈ ಕ್ಸಾಂಥಿಪ್ಪಸನ ಮನೆಯಲ್ಲಿ ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ. ಎರಡು ವರ್ಷದ ಹಿಂದೆ ಸೋದರಮಾವ ಮೆಗಕ್ಲೀಸ್ ಊರು ಬಿಟ್ಟದ್ದನ್ನು ಕಂಡಿದ್ದ, ಈಗ ಅಪ್ಪನ ಸರದಿ. ಅಪ್ಪನ ಹೆಸರಿನ ಒಂದು ಚೂರಿನ ಮೇಲೆ ಯಾರೋ ಕುಶಲಿಗ ಎರಡು ಸಾಲಿನ ಪದ್ಯವನ್ನೇ ಬರೆದಿದ್ದಾನೆ. ಶಾಪಗ್ರಸ್ತ ನಾಯಕರಲ್ಲೆಲ್ಲ ಹೆಚ್ಚು ಅನ್ಯಾಯ ಮಾಡುವವನು ಅರಿಫ್ರೋನನ ಮಗ ಕ್ಸಾಂಥಿಪ್ಪಸನೇ ಎಂದು ಈ ಬೋಕಿ ಹೇಳುತ್ತದೆ, ಎಂಬುದು ಅದರ ಅರ್ಥ. ಆ ಹುಡುಗನೇ ಮುಂದೆ ಅಥೆನ್ಸಿನ ಹೆಸರಿಗೆ ಹೆಸರಾದ ಪೆರಿಕ್ಲೀಸ್. ಪ್ಲುಟಾರ್ಕನ ಪ್ರಕಾರ ಪೆರಿಕ್ಲೀಸ್ ಯೌವನದಲ್ಲಿ ರಾಜಕೀಯದಿಂದ ದೂರ ಉಳಿದದ್ದಕ್ಕೆ ಬೋಕಿ ಮತದ ಹೆದರಿಕೆಯೂ ಒಂದು ಕಾರಣ. ದೊಡ್ಡವನಾದ ಮೇಲೆ ಅವನ ಇಬ್ಬರು ಪ್ರಬಲ ಎದುರಾಳಿಗಳು, 461ರಲ್ಲಿ ಕಿಮೊನ್, 443ರಲ್ಲಿ ಮೆಲೆಸಿಯಾಸನ ಮಗ ಥುಸಿಡಿಡೀಸ್, ಇದೇ ಬೋಕಿಯಿಂದ ಊರು ಬಿಟ್ಟರು. (ಇವನು ಇತಿಹಾಸಕಾರ ಥುಸಿಡಿಡೀಸನಲ್ಲ, ಬೇರೆಯವನು.) ಪೆರಿಕ್ಲೀಸನ ಹೆಸರಿನ ಚೂರುಗಳೂ ಸಿಕ್ಕಿವೆ, ಆದರೆ ಅವನು ಒಮ್ಮೆಯೂ ಹೋಗಲಿಲ್ಲ.

ಅರಿಸ್ಟೈಡಿಸನ ವಿಷಯಕ್ಕೆ ಬರೋಣ. ನಿಮ್ಮ ಮಗಳ ಪಾಠದಲ್ಲಿರುವ ಕಥೆ ಪ್ಲುಟಾರ್ಕನದು. ಕ್ರಿ.ಪೂ. 482. ಮತದ ದಿನ ಅಕ್ಷರ ಬಾರದ ಹಳ್ಳಿಯವನೊಬ್ಬ ಪಕ್ಕದಲ್ಲಿದ್ದವನ ಕೈಗೆ ಬೋಕಿ ಕೊಟ್ಟು, ಇದರ ಮೇಲೆ ಅರಿಸ್ಟೈಡಿಸ್ ಎಂದು ಬರೆದುಕೊಡಿ ಎಂದ. ಆ ಪಕ್ಕದವನೇ ಅರಿಸ್ಟೈಡಿಸ್. ಅವನು ನಿನಗೇನು ಕೆಡುಕು ಮಾಡಿದ್ದಾನೆ ಎಂದು ಕೇಳಿದ. ಏನೂ ಇಲ್ಲ, ಅವನ ಗುರುತೂ ನನಗಿಲ್ಲ, ಎಲ್ಲಿ ನೋಡಿದರೂ ಅವನನ್ನು ನ್ಯಾಯವಂತ ನ್ಯಾಯವಂತ ಎನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ ಎಂದ. ಅರಿಸ್ಟೈಡಿಸ್ ಮರುಮಾತಾಡದೆ ತನ್ನ ಹೆಸರನ್ನು ಬರೆದು ಬೋಕಿಯನ್ನು ವಾಪಸು ಕೊಟ್ಟ.

ಎಲ್ಲರೂ ಈ ಕಥೆಯನ್ನು ಹೊಟ್ಟೆಕಿಚ್ಚಿನ ಕಥೆಯಾಗಿ ಹೇಳುತ್ತಾರೆ. ನನಗೆ ಅಷ್ಟೇ ಎನಿಸುವುದಿಲ್ಲ. ಪ್ಲುಟಾರ್ಕನೇ ಇನ್ನೊಂದು ಮಾತು ಹೇಳಿದ್ದಾನೆ, ಅದನ್ನು ಯಾರೂ ಪಾಠದಲ್ಲಿ ಹಾಕುವುದಿಲ್ಲ. ಜನರು ತಮ್ಮ ವ್ಯಾಜ್ಯಗಳನ್ನೆಲ್ಲ ಅರಿಸ್ಟೈಡಿಸನ ಬಳಿಗೇ ಒಯ್ಯುತ್ತಿದ್ದರು. ನಮ್ಮಲ್ಲಿ ಊರ ಹಿರಿಯರೊಬ್ಬರು ಜಗಲಿಯ ಮೇಲೆ ಕೂತು ಪಂಚಾಯ್ತಿ ಮಾಡುತ್ತಿದ್ದರಲ್ಲ, ಹಾಗೆ. ಅವನ ತೀರ್ಪು ನೇರವಾಗಿದ್ದುದರಿಂದಲೇ ಕೋರ್ಟಿಗೆ ಹೋಗುವವರು ಕಡಿಮೆಯಾದರು. ಅವನ ಎದುರಾಳಿ ಥೆಮಿಸ್ಟೊಕ್ಲೀಸ್ ಇದನ್ನೇ ಹಿಡಿದುಕೊಂಡ: ಎಲ್ಲ ವ್ಯಾಜ್ಯವನ್ನೂ ಒಬ್ಬನೇ ತೀರಿಸಿ ಅವನು ನ್ಯಾಯಾಲಯಗಳನ್ನೇ ಇಲ್ಲವಾಗಿಸಿದ್ದಾನೆ, ಅಂಗರಕ್ಷಕರಿಲ್ಲದ ರಾಜನಾಗಿದ್ದಾನೆ ಎಂದು ಊರಲ್ಲಿ ಮಾತು ಹಬ್ಬಿಸಿದ. ಅದರಲ್ಲಿ ಸ್ವಾರ್ಥವಿತ್ತು, ನಿಜ. ಆದರೂ ಆ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ನ್ಯಾಯ ಒಬ್ಬ ಒಳ್ಳೆಯ ಮನುಷ್ಯನ ಮನೆಬಾಗಿಲಲ್ಲಿ ಸಿಗುತ್ತದೆ ಎಂದಾದರೆ, ಅವನ ನಂತರ ಅದೇ ಜಗಲಿಯಲ್ಲಿ ಕೂರುವವನು ಒಳ್ಳೆಯವನಾಗಿರುತ್ತಾನೆ ಎಂದು ಹೇಳುವವರು ಯಾರು? ಆ ಹಳ್ಳಿಗನಿಗೆ ಇದನ್ನು ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಒಂದು ಹೆಸರು ಅತಿಯಾಗಿ ಕೇಳುತ್ತಿದೆ ಎಂಬುದು ಮಾತ್ರ ಅವನಿಗೆ ಗೊತ್ತಾಗಿತ್ತು.

ಇನ್ನೊಂದು ಕಾರಣವೂ ಇತ್ತು. ಆ ವರ್ಷಗಳಲ್ಲೇ ಲಾರಿಯನ್ ಗಣಿಯಲ್ಲಿ ಹೊಸ ಬೆಳ್ಳಿಯ ನಾಳ ಸಿಕ್ಕಿ ಊರಿನ ಬೊಕ್ಕಸಕ್ಕೆ 100 ಟ್ಯಾಲೆಂಟ್ (ಬೆಳ್ಳಿ ತೂಗುವ ದೊಡ್ಡ ಅಳತೆ) ಬಂತು. ತಲೆಗೆ 10 ದ್ರಾಕ್ಮಾ ಬೆಳ್ಳಿನಾಣ್ಯ ಹಂಚಿಬಿಡೋಣ ಎಂಬ ಮಾತು ನಡೆದಿತ್ತು. ಥೆಮಿಸ್ಟೊಕ್ಲೀಸ್ ಎದ್ದು, ಹಂಚುವುದು ಬೇಡ, ಯುದ್ಧದ ಹಡಗು ಕಟ್ಟೋಣ ಎಂದ. ಹಡಗು ಎಂದರೆ ಹುಟ್ಟು ಹಾಕುವ ಬಡವರ ಬಲ. ಊರಿನ ಸ್ವಭಾವವನ್ನೇ ಬದಲಿಸುವ ನಿರ್ಧಾರ. ಅರಿಸ್ಟೈಡಿಸ್ ಊರು ಬಿಟ್ಟದ್ದೂ ಇದೇ ಹೊತ್ತಿನಲ್ಲಿ. ಇವೆರಡಕ್ಕೂ ಸಂಬಂಧವಿದೆ ಎಂದೇ ನಾನು ತಿಳಿಯುತ್ತೇನೆ: ಎರಡು ದಾರಿ, ಇಬ್ಬರು ನಾಯಕರು, ಯಾವ ದಾರಿ ಎಂದು ಜನ ಬೋಕಿಯಲ್ಲಿ ಹೇಳಿದರು.

ಅಕ್ಷರ ಬಾರದವನ ಕಥೆಯನ್ನು ಪ್ಲುಟಾರ್ಕ್ ಬರೆದದ್ದು ಐದೂವರೆ ಶತಮಾನಕ್ಕೂ ಹೆಚ್ಚು ಕಾಲದ ನಂತರ. ಆದ್ದರಿಂದ ಅದನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಬೇರೆಯವರು ಬರೆದುಕೊಟ್ಟ ಬೋಕಿಗಳು ಇದ್ದವು ಎಂಬುದಕ್ಕೆ ಗಟ್ಟಿ ಪುರಾವೆ ಇದೆ. 1937ರಲ್ಲಿ ಆಸ್ಕರ್ ಬ್ರೊನೀರ್ ಎಂಬ ಪುರಾತತ್ತ್ವಜ್ಞ ಅಕ್ರೊಪೊಲಿಸ್ ಗುಡ್ಡದ ಉತ್ತರ ಇಳಿಜಾರಿನ ಒಂದು ಹಾಳುಬಾವಿಯನ್ನು ಅಗೆಸಿದ. ಒಳಗೆ 190 ಬೋಕಿಗಳು. ಎಲ್ಲದರ ಮೇಲೂ ಒಂದೇ ಹೆಸರು, ಥೆಮಿಸ್ಟೊಕ್ಲೀಸ್. ಹೆಚ್ಚಿನವು ಒಂದೇ ಬಗೆಯ ಬಟ್ಟಲುಗಳ ಅಡಿಭಾಗ, ಗುಂಡಗೆ, ಅಚ್ಚುಕಟ್ಟು. ಕೈಬರಹ ಹೋಲಿಸಿ ನೋಡಿದರೆ ಬರೆದವರು 14 ಜನ ಅಷ್ಟೇ! ಥೆಮಿಸ್ಟೊಕ್ಲೀಸನ ವಿರೋಧಿಗಳು ಗುಂಪಾಗಿ ಕೂತು ಹೆಸರು ಗೀಚಿ, ಹಂಚಲು ಸಿದ್ಧ ಮಾಡಿಕೊಂಡಿದ್ದವು ಇವು. ಖರ್ಚಾಗದೆ ಉಳಿದದ್ದನ್ನು ಬಾವಿಗೆ ಎಸೆದರು. ಬರೆಯಲು ಬಾರದವನ ಕೈಗೂ, ಬರೆಯಲು ಬೇಸರವಾದವನ ಕೈಗೂ ಸಿದ್ಧ ಬೋಕಿ ಇಡುವ ಕಾರ್ಯಕರ್ತರು ಆಗಲೂ ಇದ್ದರು.

ಅರಿಸ್ಟೈಡಿಸ್ ಊರು ಬಿಡುವಾಗ ಆಕಾಶಕ್ಕೆ ಕೈಯೆತ್ತಿ, ಈ ಜನ ನನ್ನನ್ನು ನೆನೆಯಲೇಬೇಕಾದ ಕಷ್ಟ ಇವರಿಗೆ ಬಾರದಿರಲಿ ಎಂದು ಬೇಡಿಕೊಂಡನಂತೆ. ಕಷ್ಟ ಬಂದೇ ಬಂತು, ಎರಡೇ ವರ್ಷದಲ್ಲಿ. ಪರ್ಷಿಯದ ಕ್ಸರ್ಕ್ಸಸ್ ಮಹಾಸೈನ್ಯದೊಂದಿಗೆ ಹೊರಟ ಸುದ್ದಿ ಕೇಳಿ ಅಥೆನ್ಸ್ ಬೋಕಿಯಿಂದ ಹೋದವರನ್ನೆಲ್ಲ ವಾಪಸು ಕರೆಸಿಕೊಂಡಿತು. ಮುಂದೆ ನಡೆದದ್ದು ಈ ಪದ್ಧತಿಯ ಪರವಾಗಿ ನಾನು ಕೊಡಬಲ್ಲ ಅತಿ ದೊಡ್ಡ ಸಾಕ್ಷಿ. ಕ್ರಿ.ಪೂ. 480, ಸಲಾಮಿಸ್ ಯುದ್ಧದ ಹಿಂದಿನ ರಾತ್ರಿ, ಅರಿಸ್ಟೈಡಿಸ್ ಐಜಿನಾ ದ್ವೀಪದಿಂದ ಶತ್ರುಹಡಗುಗಳ ನಡುವೆ ನುಸುಳಿ ಬಂದು ಥೆಮಿಸ್ಟೊಕ್ಲೀಸನನ್ನು ಸೇನಾಪತಿಗಳ ಸಭೆಯಿಂದ ಹೊರಗೆ ಕರೆದ. ನಮ್ಮಿಬ್ಬರ ಪೈಪೋಟಿ ಇನ್ನು ಮೇಲೆ ದೇಶಕ್ಕೆ ಯಾರು ಹೆಚ್ಚು ಒಳ್ಳೆಯದು ಮಾಡುತ್ತಾರೆ ಎಂಬುದರಲ್ಲಿರಲಿ ಎಂದು ಹೇಳಿ, ಪರ್ಷಿಯನ್ನರು ಸುತ್ತುವರಿದ ಸುದ್ದಿ ಕೊಟ್ಟ ಎಂದು ಹೆರೊಡೊಟಸ್ ಬರೆಯುತ್ತಾನೆ. ಮರುವರ್ಷ ಪ್ಲಾಟಿಯಾದಲ್ಲಿ ಅಥೆನ್ಸಿನ ಸೇನೆ ನಡೆಸಿದವನು ಅರಿಸ್ಟೈಡಿಸ್, ಮೈಕೇಲಿಯಲ್ಲಿ ಅಥೆನ್ಸಿನ ದಂಡು ನಡೆಸಿದವನು ಕ್ಸಾಂಥಿಪ್ಪಸ್. ಇಬ್ಬರೂ ಬೋಕಿಯಿಂದ ಊರು ಬಿಟ್ಟಿದ್ದವರೇ. ಮನೆ ಸುಟ್ಟು, ಮಕ್ಕಳನ್ನು ಅಲೆಸಿ ಓಡಿಸಿದ್ದರೆ ಅವರು ಹೀಗೆ ಮರಳುತ್ತಿದ್ದರೇ? ಹಿಪ್ಪಿಯಾಸ್ ಮರಳಿದ್ದು ಪರ್ಷಿಯದ ಹಡಗಿನಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ.

ಥೆಮಿಸ್ಟೊಕ್ಲೀಸನ ಕೊನೆ ಬೇರೆಯಾಯಿತು. ಸಲಾಮಿಸ್ ಗೆಲ್ಲಿಸಿದ ಅವನನ್ನೇ ಕ್ರಿ.ಪೂ. 471ರ ಸುಮಾರಿಗೆ ಬೋಕಿ ಮತ ಹೊರಗೆ ಕಳಿಸಿತು. ಆರ್ಗೋಸ್ ಊರಲ್ಲಿ ಅವನು ನೆಮ್ಮದಿಯಾಗಿಯೇ ಇದ್ದ. ಆಮೇಲೆ ಪರ್ಷಿಯದ ಜೊತೆ ಸೇರಿದ್ದಾನೆಂಬ ದ್ರೋಹದ ಮೊಕದ್ದಮೆ ಹೂಡಿ, ಅವನಿಲ್ಲದೆಯೇ ತಪ್ಪಿತಸ್ಥ ಎಂದು ತೀರ್ಪು ಕೊಟ್ಟು, ಆಸ್ತಿ ಜಪ್ತಿ ಮಾಡಿದರು. ಅವನು ಓಡಿ ಓಡಿ ಕೊನೆಗೆ ಪರ್ಷಿಯದ ದೊರೆಯ ಆಶ್ರಯಕ್ಕೇ ಹೋದ. ದೊರೆ ಅವನಿಗೆ ರೊಟ್ಟಿಗೆಂದು ಮಗ್ನೀಸಿಯಾ, ದ್ರಾಕ್ಷಾರಸಕ್ಕೆಂದು ಲ್ಯಾಂಪ್ಸಕಸ್, ನಂಚಿಕೊಳ್ಳಲೆಂದು ಮಯುಸ್ ಎಂಬ ಊರುಗಳನ್ನು ಉಂಬಳಿ ಕೊಟ್ಟ. ಅವನನ್ನು ಹಾಗೆ ದೂರ ತಳ್ಳಿದ್ದು ಬೋಕಿಯಲ್ಲ, ಮೊಕದ್ದಮೆ ಎಂಬುದು ಇಲ್ಲಿ ಗಮನಿಸಬೇಕಾದದ್ದು.

ಪದ್ಧತಿಯಲ್ಲಿ ದೋಷವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನಿಗೆ ಒಂದು ಮಾತಾಡಲೂ ಅವಕಾಶ ಕೊಡದೆ ಹತ್ತು ವರ್ಷ ಕಿತ್ತುಕೊಳ್ಳುವುದು ಸಣ್ಣ ವಿಷಯವಲ್ಲ. ನಡುವಯಸ್ಸು ದಾಟಿದವನಿಗೆ ಅದು ಉಳಿದ ಆಯುಷ್ಯವೇ. ಸಿರಾಕ್ಯೂಸ್ ನಗರದವರು ಆಲಿವ್ ಎಲೆಯ ಮೇಲೆ ಹೆಸರು ಬರೆದು ಐದು ವರ್ಷ ಹೊರಗೆ ಕಳಿಸುವ ಇಂಥದೇ ಪದ್ಧತಿ ತಂದಾಗ ಯೋಗ್ಯರಾದವರು ಸಾರ್ವಜನಿಕ ಕೆಲಸಕ್ಕೆ ಬರಲೇ ಹೆದರಿದರು, ಬಲುಬೇಗ ಅದನ್ನು ಕೈಬಿಡಬೇಕಾಯಿತು. ಅರಿಸ್ಟಾಟಲ್ ಕೂಡ ಊರುಗಳು ಇದನ್ನು ಸಾರ್ವಜನಿಕ ಹಿತಕ್ಕಿಂತ ಗುಂಪುಗಾರಿಕೆಗೆ ಬಳಸಿದವು ಎಂದು ಆಕ್ಷೇಪಿಸುತ್ತಾನೆ.

ಅಥೆನ್ಸಿನಲ್ಲಿ ಅದು ನಿಂತದ್ದು ಗುಂಪುಗಾರಿಕೆಯಿಂದಲೇ. ಕ್ರಿ.ಪೂ. 415ರ ಸಿಸಿಲಿ ದಂಡಯಾತ್ರೆಗೆ ಸ್ವಲ್ಪ ಮೊದಲು ನಿಕಿಯಾಸ್ ಮತ್ತು ಆಲ್ಸಿಬಿಯಾಡಿಸ್ ನಡುವೆ ಹಣಾಹಣಿ ನಡೆದಿತ್ತು, ಒಬ್ಬ ಶಾಂತಿಯ ಪರ, ಇನ್ನೊಬ್ಬ ಯುದ್ಧದ ಪರ. ಇಬ್ಬರಲ್ಲಿ ಒಬ್ಬನನ್ನು ಕಳಿಸಿಬಿಡೋಣ ಎಂದು ಬೋಕಿ ಮತಕ್ಕೆ ಒತ್ತಾಯ ಮಾಡಿದವನು ದೀಪದ ವ್ಯಾಪಾರದವನೆಂದು ಹೆಸರಾಗಿದ್ದ ಹೈಪರ್ಬೊಲಸ್. ಪ್ರಶ್ನೆಗೂ ಮತಕ್ಕೂ ನಡುವೆ ಎರಡು ತಿಂಗಳು ಇತ್ತಲ್ಲ. ಜನರ ಕೋಪ ತಣಿಯಲೆಂದು ಇಟ್ಟ ಆ ಎರಡು ತಿಂಗಳಲ್ಲಿ ಎದುರಾಳಿಗಳಿಬ್ಬರೂ ಒಳಗೊಳಗೇ ಕೈಜೋಡಿಸಿದರು. ತಮ್ಮ ತಮ್ಮ ಕಡೆಯವರಿಗೆಲ್ಲ ಹೈಪರ್ಬೊಲಸನ ಹೆಸರು ಬರೆಯಲು ಹೇಳಿದರು. ಎಣಿಸಿದಾಗ ಹೋಗಬೇಕಾದವನು ಅವನೇ. ಮೊದಲು ಜನ ನಕ್ಕರು, ಆಮೇಲೆ ಅವರಿಗೆ ಸಿಟ್ಟು ಬಂತು ಎನ್ನುತ್ತಾನೆ ಪ್ಲುಟಾರ್ಕ್. ಇಂಥವರಿಗೆಂದು ಬೋಕಿ ಹುಟ್ಟಿದ್ದಲ್ಲ ಎಂದು ಆ ಕಾಲದ ಒಬ್ಬ ನಾಟಕಕಾರ ಬರೆದ. ದೊಡ್ಡವರನ್ನು ತಡೆಯಲು ಇದ್ದ ಸಾಧನವನ್ನು ದೊಡ್ಡವರೇ ಸೇರಿ ತಿರುಗಿಸಿದ್ದು ಎಲ್ಲರಿಗೂ ಕಂಡಿತು. ಹೈಪರ್ಬೊಲಸ್ ಸ್ಯಾಮೊಸ್ ದ್ವೀಪದಲ್ಲಿದ್ದಾಗ 411ರಲ್ಲಿ ಕೊಲೆಯಾದ. ಅವನ ನಂತರ ಬೋಕಿಯಿಂದ ಊರು ಬಿಟ್ಟವರಿಲ್ಲ. ನಾಯಕರನ್ನು ಹಿಡಿದು ನಿಲ್ಲಿಸುವ ಕೆಲಸ ನ್ಯಾಯಾಲಯಕ್ಕೆ ಹೋಯಿತು. ಕಾನೂನಿಗೆ ವಿರುದ್ಧವಾದ ಠರಾವು ತಂದವನ ಮೇಲೆ ಯಾವ ನಾಗರಿಕನಾದರೂ ಮೊಕದ್ದಮೆ ಹೂಡಬಹುದಿತ್ತು, ಅವನು ಎದ್ದು ನಿಂತು ಉತ್ತರ ಕೊಡಬಹುದಿತ್ತು.

ಕಾನೂನನ್ನು ಮಾತ್ರ ಅಥೆನ್ಸಿನವರು ರದ್ದು ಮಾಡಲಿಲ್ಲ. ಹೈಪರ್ಬೊಲಸ್ ಹೋಗಿ ಸುಮಾರು 90 ವರ್ಷದ ನಂತರ, ಅರಿಸ್ಟಾಟಲನ ಕಾಲದಲ್ಲೂ, ಆರನೆಯ ಪಾಳಿ ಬಂದಾಗ ಸಭೆಯ ಮುಂದೆ ಆ ಹಳೆಯ ಪ್ರಶ್ನೆಯನ್ನು ತಪ್ಪದೆ ಇಡುತ್ತಿದ್ದರು: ಈ ವರ್ಷ ಬೋಕಿ ಮತ ಬೇಕೋ ಬೇಡವೋ? ಪ್ರತಿ ವರ್ಷವೂ ಜನ ಬೇಡ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದರು.